ಕಣಕ್ಕೆ ಬೆನ್ನು ಮಾಡಿ ಕುಳಿತವನು

ನಮ್ಮ ಕಡೆ ಕುಸ್ತಿ ನೋಡಲು ಹೋಗುವ ಮಂದಿಯಲ್ಲಿ ಎರಡು ಬಗೆ. ಯಾರು ಗೆಲ್ಲುತ್ತಾರೆ ಎಂದು ನೋಡಲು ಹೋಗುವವರು ಒಂದು ಬಗೆ. ಆಡುವವರು ಮೈಮುರಿದು ಆಡುತ್ತಿದ್ದಾರೋ, ಇಲ್ಲಾ ಮಂದಿಯ ಕಣ್ಣಿಗೆ ಮಣ್ಣು ಎರಚುತ್ತಿದ್ದಾರೋ ಎಂದು ಹಿಡಿಯಲು ಹೋಗುವವರು ಇನ್ನೊಂದು ಬಗೆ. ನಾನು ಎರಡನೆಯವನು. ಶೇಡಬಾಳದಲ್ಲಿ ನನಗೆ ದ್ರಾಕ್ಷಿ ತೋಟವಿದೆ, ಹೊಳೆಯ ಕಡೆ ಕಬ್ಬಿದೆ. ಆದರೆ ಕಾಗವಾಡದಿಂದ ರಾಯಬಾಗದವರೆಗೆ ಮಂದಿ ನನ್ನನ್ನು ಗುರುತಿಸುವುದು ಅದರಿಂದಲ್ಲ, ನನ್ನ ಬೆನ್ನಿನಿಂದ.

ಅದೇನೆಂದು ಹೇಳುತ್ತೇನೆ. ಇಬ್ಬರು ಪೈಲ್ವಾನರು ಮೊದಲೇ ಒಳಗೊಳಗೆ ಮಾತಾಡಿಕೊಂಡು, ಕಣದಲ್ಲಿ ಸ್ವಲ್ಪ ಹೊತ್ತು ಜಗ್ಗಾಡಿದ ಹಾಗೆ ಮಾಡಿ, ಸಮ ಎಂದು ಕೈ ಎತ್ತಿಸಿಕೊಂಡು ಹೋಗುವುದಕ್ಕೆ ನಮ್ಮಲ್ಲಿ ನೂರಾ ಕುಸ್ತಿ ಎನ್ನುತ್ತಾರೆ. ಖರೆ ಖರೆ ಹಿಡಿದರೆ ಅದು ಖಡಾಖಡಿ. ಎರಡರ ನಡುವಿನ ಗೆರೆ ಬಹಳ ಸಣ್ಣದು, ಆದರೆ ನನ್ನ ಕಣ್ಣಿಗೆ ಅದು ಕಾಣುತ್ತದೆ ಎಂದು ನಾನು ನಂಬಿದ್ದೆ. ನಾನು ಪೈಲ್ವಾನರ ಮುಖ ನೋಡುವುದಿಲ್ಲ. ಮುಖ ಯಾರು ಬೇಕಾದರೂ ಕಿವುಚುತ್ತಾರೆ. ಮೀನಖಂಡ ನೋಡುತ್ತೇನೆ. ಖರೆ ಜೋರು ಬಿದ್ದರೆ ಮೀನಖಂಡ ನಡುಗಬೇಕು, ಕಾಲಿನ ಹೆಬ್ಬೆರಳು ಮಣ್ಣಿನೊಳಗೆ ಇಳಿಯಬೇಕು. ಹೆಬ್ಬೆರಳು ಮೇಲೆಯೇ ಇದ್ದರೆ ಮುಗಿಯಿತು, ಅದು ಬರೀ ನಾಟಕ. ಆಗ ನಾನು ಉಳಿದವರ ಹಾಗೆ ಕೂಗುವುದಿಲ್ಲ. ಎದ್ದು ನಿಂತು, ಧೋತರಕ್ಕೆ ಹತ್ತಿದ ಮಣ್ಣನ್ನು ಝಾಡಿಸಿ, ಕಣಕ್ಕೆ ಬೆನ್ನು ಮಾಡಿ ಮತ್ತೆ ಅಲ್ಲಿಯೇ ಕುಳಿತುಬಿಡುತ್ತೇನೆ.

ನೋಡಿ ನೋಡಿ ಮಂದಿಗೂ ಇದರ ರುಚಿ ಹತ್ತಿತು. ನಾನು ತಿರುಗಿದರೆ ನನ್ನ ಆಚೀಚೆಯವರೂ ತಿರುಗುತ್ತಿದ್ದರು, ಅವರನ್ನು ನೋಡಿ ಹಿಂದಿನವರು. ಒಮ್ಮೆ ಪಾಲಬಾವಿಯಲ್ಲಿ ಕಣದ ಒಂದು ಪಕ್ಕ ಪೂರ್ತಿ ಬೆನ್ನುಗಳೇ ಆಗಿ, ಹಲಗಿ ಬಾರಿಸುವವನು ಬಾರಿಸುವುದನ್ನೇ ನಿಲ್ಲಿಸಿದ. ಆ ಇಬ್ಬರು ಪೈಲ್ವಾನರು ತೀರ್ಪು ಹೇಳುವ ಪಂಚರ ಮುಂದೆ ತಲೆ ತಗ್ಗಿಸಿ ಹೊರಗೆ ಹೋದರು. ಆವತ್ತು ನನಗೆ ಎಷ್ಟು ಹಿಗ್ಗಾಗಿತ್ತೆಂದರೆ, ಮನೆಗೆ ಬಂದವನೇ ಹೆಂಡತಿಯ ಮುಂದೆ ಎಲ್ಲವನ್ನೂ ಅಭಿನಯಿಸಿ ತೋರಿಸಿದೆ.

ಆಕೆ ಜೋಳದ ಹಿಟ್ಟು ನಾದುತ್ತಿದ್ದಳು. "ಆ ಹುಡುಗೂರಿಗೆ ಏನ ಆಗಿತ್ತೋ ಏನೋ, ಕೇಳೀರೇನ?" ಎಂದಳು.

"ಕೇಳೂದೇನೈತಿ? ಕಣ್ಣಿಗೆ ಕಾಣಸ್ತೈತಿ."

"ಬೆನ್ನ ಮಾಡಿ ಕುಂತವರಿಗೆ ಕಣ್ಣ ಎಲ್ಲಿರ್ತಾವ್ರಿ? ನೀರ ಸೋಸಿ ಕುಡಿಯೂ ಮನಿತನ ನಮ್ದು. ನೀರಷ್ಟ ಸೋಸ್ತೀರಿ, ಸಿಟ್ಟ ಸೋಸೂದಿಲ್ಲ ನೋಡ್ರಿ."

ಜೈನರ ಮನೆಯ ಹೆಂಗಸು, ಮಾತಿನಲ್ಲಿ ಹೀಗೆ ಚುಚ್ಚುವುದು ಆಕೆಗೆ ಹಿಂಸೆಯ ಲೆಕ್ಕಕ್ಕೆ ಬರುವುದಿಲ್ಲ. ನಾನು ನಕ್ಕುಬಿಟ್ಟೆ.

ಇಷ್ಟೆಲ್ಲ ಅಳೆಯುವ ನಾನೇನು ದೊಡ್ಡ ಪೈಲ್ವಾನನೇ? ಅದನ್ನೂ ಹೇಳಿಬಿಡಬೇಕು. ಸಣ್ಣವನಿದ್ದಾಗ ಒಂದು ಚಳಿಗಾಲ ತಾಲೀಮಿಗೆ ಹೋಗಿದ್ದೆ. ಕಿವಿ ತಿಕ್ಕಿ ಬಾತುಕೊಂಡವು, ಅಳುತ್ತ ಮನೆಗೆ ಬಂದೆ, ಅಲ್ಲಿಗೆ ನನ್ನ ಕುಸ್ತಿ ತೀರಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ನೆಲದ ಗೊಡವೆಗೇ ಹೋಗಲಿಲ್ಲ, ಕುಣಿಯುವವರನ್ನೇ ಡೊಂಕು ಎಂದವನು.

ಮಗಳು ಕುಸ್ತಿಗೆ ಇಳಿದದ್ದು ನನ್ನಿಂದ ಎಂದು ಮಂದಿ ತಿಳಿದಿದ್ದಾರೆ. ಹಾಗೇನಿಲ್ಲ. ಈಗ ನಮ್ಮ ಕಡೆ ಹುಡುಗಿಯರೂ ತಾಲೀಮಿಗೆ ಹೋಗುತ್ತಾರೆ, ಅವರ ಜೋಡಿ ಇದೆಯೆಂದರೆ ಮೈದಾನ ತುಂಬುತ್ತದೆ. ಶಾಲೆಯ ಆಟಗಳಲ್ಲಿ ಅವಳನ್ನು ನೋಡಿದ್ದ ವಸ್ತಾದರು, ಅಂದರೆ ತಾಲೀಮಿನ ಗುರುಗಳು, ತಾವಾಗಿಯೇ ಮನೆಗೆ ಬಂದರು. "ಹುಡುಗಿ ಕೈಯಾಗ ಹಿಡತ ಐತ್ರಿ. ನನ್ನ ಕೈಯಾಗ ಕೊಡ್ರಿ" ಎಂದರು. ಹೆಂಡತಿ ಒಳಗಿನಿಂದಲೇ, "ಹಾಲು, ಬದಾಮ ಎಷ್ಟ ಬೇಕಾದ್ರೂ ಕೊಡ್ತೀನ್ರಿ. ತತ್ತಿ ಗಿತ್ತಿ ನಮ್ಮಲ್ಲಿ ನಡೆಂಗಿಲ್ಲ. ಹೊತ್ತ ಮುಳಗೂದ್ರಾಗ ಆಕಿ ಊಟಾ ಆಗಬೇಕು" ಎಂದಳು. ವಸ್ತಾದರು ನಕ್ಕು ಒಪ್ಪಿದರು.

ಅವರ ತಾಲೀಮಿನಲ್ಲಿ ಮೊದಲು ಕಲಿಸುವುದು ಹಿಡಿಯುವುದನ್ನಲ್ಲ, ಬಿಡುವುದನ್ನು. ಕೆಳಗೆ ಸಿಕ್ಕವರು ಅಂಗೈಯಿಂದ ಮಣ್ಣು ಬಡಿದರೆ ಸಾಕಾಯಿತು ಎಂದರ್ಥ. ಮೇಲಿನವರು ಆ ಕ್ಷಣವೇ ಬಿಡಬೇಕು. ನನ್ನ ಮಗಳು ಬಡಿಯುವ ಮೊದಲೇ ಬಿಟ್ಟುಬಿಡುತ್ತಿದ್ದಳು. ಹಿಡಿದ ಕೈಗೇ ನೋವು ಗೊತ್ತಾಗುತ್ತದೆ ಎನ್ನುತ್ತಿದ್ದಳು. "ಈ ಗುಣಾ ಕಲಸಾಕ ಬರೂದಿಲ್ರಿ, ಇದು ಹುಟ್ಟಾ ಬರಬೇಕು" ಎಂದು ವಸ್ತಾದರು ನನ್ನ ಮುಂದೆ ಎಷ್ಟೋ ಸಲ ಹೇಳಿದರು. ಅವರು ಹೊಗಳುತ್ತಿದ್ದಾರೆ ಎಂದು ನನಗೆ ಅನ್ನಿಸಲೇ ಇಲ್ಲ. ಹುಡುಗಿ ಮೆತ್ತಗಿದ್ದಾಳೆ, ಗಟ್ಟಿ ಆಗಬೇಕು ಎಂದೇ ನನ್ನ ಕಿವಿಗೆ ಕೇಳಿಸಿತು.

ಹೋದ ವರ್ಷ ಅಥಣಿ ಕಡೆಯ ಒಂದು ಊರಿನಲ್ಲಿ ಕುಸ್ತಿಯ ಮೈದಾನ ನಡೆದಿತ್ತು. ಮಗಳಿಗೆ ರಾಯಬಾಗದ ಕಡೆಯ ಹುಡುಗಿಯೊಬ್ಬಳನ್ನು ಜೋಡಿ ಹಾಕಿದ್ದರು. ಇಬ್ಬರೂ ಹಳೆಯ ಗುರುತಿನವರು. ಬೆಳಿಗ್ಗೆ ಒಂದೇ ಪೊಟ್ಟಣದಲ್ಲಿ ಚುರುಮುರಿ ತಿನ್ನುತ್ತ ನಗುತ್ತಿದ್ದುದನ್ನು ಮಂದಿ ನೋಡಿದ್ದರು. ಅಷ್ಟು ಸಾಕಾಯಿತು. ಇಬ್ಬರೂ ಕಣದ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳುವ ಮೊದಲೇ, ಯಾವಾಗಲೂ ನನ್ನ ಪಕ್ಕ ಕೂರುವ ನಮ್ಮೂರಿನ ಗೆಳೆಯನೊಬ್ಬ ಕಿಸಕ್ಕೆಂದು ನಕ್ಕ.

ಕುಸ್ತಿ ಮೊದಲು ಚೆನ್ನಾಗಿಯೇ ನಡೆಯಿತು. ಮಗಳು ಮಿಂಚಿನಂತೆ ಹಿಂದೆ ಸರಿದು ಆ ಹುಡುಗಿಯ ಬೆನ್ನೇರಿದಳು. ತೋಳು ಕೈಗೆ ಸಿಕ್ಕಿತು. ಇನ್ನೊಂದಿಷ್ಟು ತಿರುವಿದರೆ ಹುಡುಗಿ ಮಗುಚಿ ಬಿದ್ದು ಬೆನ್ನಿಗೆ ಮಣ್ಣು ಹತ್ತುವುದು ಖಂಡಿತ. ಮಂದಿ ಎದ್ದು ನಿಂತರು. ಅಷ್ಟರಲ್ಲಿ ಮಗಳು ತೋಳನ್ನು ಬಿಟ್ಟಳು. ಆ ಹುಡುಗಿ ಬಿಡಿಸಿಕೊಂಡದ್ದಲ್ಲ, ಇವಳಾಗಿ ಬಿಟ್ಟದ್ದು. ಕುರುಡನಿಗೂ ಕಾಣುವ ಹಾಗೆ ಬಿಟ್ಟದ್ದು.

"ನೂರಾ! ನೂರಾ!" ಎಂದು ನಾಲ್ಕೂ ಕಡೆಯಿಂದ ಕೂಗು ಎದ್ದಿತು. "ಚುರಮುರಿ ಕುಸ್ತಿ ಲೇ ಇದು!" ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ಪಕ್ಕದ ಗೆಳೆಯ ನನ್ನ ತೊಡೆ ತಟ್ಟಿದ. "ಏನ ಅಣ್ಣಾರ, ಈಗೇನ ಮಾಡ್ತೀರಿ? ಮಂದಿ ಮಕ್ಕಳಿಗೊಂದ ನ್ಯಾಯ, ತಮ್ಮ ಮಗಳಿಗೊಂದೇನ?"

ನೋಡಿದರೆ ಸುತ್ತಲಿನ ಮಂದಿ ಕಣವನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಆ ಗಳಿಗೆಯಲ್ಲಿ ನನಗೆ ಮಗಳು ಯಾಕೆ ಬಿಟ್ಟಳು ಎಂಬ ಯೋಚನೆ ಬರಲಿಲ್ಲ. ಬಂದದ್ದು ಒಂದೇ ಯೋಚನೆ: ಈಗ ಸುಮ್ಮನೆ ಕುಳಿತರೆ ನಾಳೆ ನನ್ನನ್ನು ಯಾರು ಕೇಳುತ್ತಾರೆ? ಹೆತ್ತ ಮಗಳಿಗಿಂತ ಮೈದಾನದ ಮಂದಿಯ ಮಾತು ದೊಡ್ಡದಾಯಿತು, ಥೂ ನನ್ನ ಬಾಳಿಗಿಷ್ಟು! ಎದ್ದೆ. ಧೋತರ ಝಾಡಿಸಿದೆ. ಕಣಕ್ಕೆ ಬೆನ್ನು ಮಾಡಿ ಕುಳಿತೆ. ಮಂದಿ ಚಪ್ಪಾಳೆ ಹೊಡೆದರು. "ಇದಪ್ಪಾ ಖರೆ ಮನಷ್ಯಾ ಅಂದ್ರ!" ಎಂದರು. ಅವರೂ ಒಬ್ಬೊಬ್ಬರಾಗಿ ತಿರುಗಿದರು.

ಬೆನ್ನ ಹಿಂದೆ ಏನಾಗುತ್ತಿದೆಯೋ ಕಾಣಲಿಲ್ಲ. ಶಿಳ್ಳೆ ಕೇಳಿಸಿತು, ಕೂಗು ಕೇಳಿಸಿತು. ಆಮೇಲೆ ಇದ್ದಕ್ಕಿದ್ದಂತೆ ಕೂಗು ಇಳಿಯಿತು, ಹಲಗಿ ನಿಂತಿತು. ಒಮ್ಮೆ ತಿರುಗಿ ನೋಡೋಣ ಎನಿಸಿತು. ಆದರೆ ಬೆನ್ನು ಮಾಡಿದವನು ತಿರುಗಿ ನೋಡಿದರೆ ಮಾನ ಎಲ್ಲಿ ಉಳಿಯಿತು? ಎದುರಿಗೆ ಒಬ್ಬ ಮಿರ್ಚಿ ಭಜಿ ಕರಿಯುತ್ತಿದ್ದ. ಅವನ ಬಾಣಲೆಯನ್ನೇ ನೋಡುತ್ತ ಕುಳಿತೆ.

ಸಂಜೆ ವಸ್ತಾದರ ಜೀಪಿನಲ್ಲಿ ಮನೆಗೆ ಹೊರಟೆವು. ಮಗಳು ಮುಂದೆ ಕುಳಿತಿದ್ದಳು, ನಾನು ಹಿಂದೆ. ಊರು ದಾಟಿದ ಮೇಲೆ ವಸ್ತಾದರು ಮೆಲ್ಲಗೆ ಬಾಯಿ ಬಿಟ್ಟರು. "ಆ ಹುಡುಗಿಗೆ ಭುಜದ್ದ ಹಳೇ ಪೆಟ್ಟ ಇತ್ತಂತ್ರಿ. ತಿರುವೂ ಹೊತ್ತಿಗೆ ಕೀಲ ಸರದೈತಿ. ನಮ್ಮಾಕಿ ಕೈಗೆ ತಿಳದೈತಿ, ಬಿಟ್ಟಾಳ. ಆಮ್ಯಾಲೆ ಈಕೀನ ಹೆಗಲ ಕೊಟ್ಟ ಪಂಚರ ಕಡೆ ಕರಕೊಂಡ ಹೋಗ್ಯಾಳ. ಆಗ ಮಂದಿ ಗಪ್ಪ ಆತು. ನೀವ ನೋಡಲಿಲ್ಲೇನ್ರಿ?"

ನಾನೆಲ್ಲಿ ನೋಡಲಿ! ಆದರೂ ನನ್ನ ಸೊಕ್ಕು ಇಳಿಯಲಿಲ್ಲ. "ಹಂಗಿದ್ರ ಕೈ ಎತ್ತಿ ಹೇಳಬೇಕಿತ್ತು. ಮಂದಿಗೆ ಹೆಂಗ ಗೊತ್ತಾಗಬೇಕು?" ಎಂದೆ.

ಮಗಳು ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು. "ಮಂದೀದ ಬಿಡಪ್ಪ. ನಿನ್ನ ಅಂಗಿಗೆ ಹಿಂದ ಬೆವರ ಹತ್ತಿತ್ತು. ನನಗ ಅದಷ್ಟ ಕಂಡಿತು."

ಇಂಥ ಮಾತು ಕೇಳಿದ ತಂದೆ ಅಲ್ಲೇ, ಆ ಜೀಪಿನಲ್ಲೇ, ಅವಳ ಕೈ ಹಿಡಿದು ತಪ್ಪಾಯಿತವ್ವ ಎನ್ನಬೇಕಿತ್ತು. ನಾನು ಬೆನ್ನನ್ನು ಸೀಟಿಗೆ ಒತ್ತಿಕೊಂಡು ಕುಳಿತೆ. ಮನೆಯಲ್ಲಿ ವಿಷಯ ತಿಳಿದ ಹೆಂಡತಿ ಬೈಯಲೂ ಇಲ್ಲ, ಚುಚ್ಚಲೂ ಇಲ್ಲ. ತಾಟನ್ನು ನನ್ನ ಮುಂದೆ ಕುಕ್ಕಿ ಒಳಗೆ ಹೋದಳು. ಬೈದಿದ್ದರೆ ಹಗುರಾಗುತ್ತಿತ್ತು.

ಕೆಲವು ದಿನ ಕಳೆದ ಮೇಲೆ, ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಮಗಳ ಹತ್ತಿರ ಹೋಗಿ, "ಇನ್ನ ಮ್ಯಾಲೆ ನಾ ತಿರಗಂಗಿಲ್ಲ ಬೇ" ಎಂದೆ. ತಪ್ಪಾಯಿತು ಎನ್ನಲು ಬಾರದೆ ಇಷ್ಟು ಅಂದೆ. ಅವಳು ಬಟ್ಟೆ ಹಿಂಡುತ್ತ, "ನೀ ತಿರಗೂ ಹಂಗ ನಾನೂ ಮಾಡಂಗಿಲ್ಲ ಬಿಡಪ್ಪ" ಎಂದಳು. ರಾಜಿಯಾಯಿತು ಎಂದುಕೊಂಡೆ. ಎಂಥ ಹೆಡ್ಡ ನಾನು! ಆ ಮಾತಿನ ಒಳಗೆ ಏನಿತ್ತು ಎಂದು ಒಂದು ಸಲವೂ ಯೋಚಿಸಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ವಸ್ತಾದರು ಒಂದು ದಿನ ತೋಟಕ್ಕೇ ಬಂದರು. ಅವರ ಮುಖ ಸಪ್ಪಗಿತ್ತು. "ಹುಡುಗಿ ಬದಲಾಗ್ಯಾಳ್ರಿ. ಮಣ್ಣ ಬಡದ್ರೂ ಒಂದೀಟ ತಡದ ಬಿಡಾಕತ್ತಾಳ. ಜೊತಿ ಹುಡಿಗ್ಯಾರು ಅಂಜಾಕತ್ತಾರ. ನೀವ ಏನರ ಅಂದೀರೇನ?"

"ನಾ ಏನ ಅನ್ಲಿರಿ?" ಎಂದೆ. ಸುಳ್ಳಲ್ಲ, ನಾನು ಏನೂ ಅಂದಿರಲಿಲ್ಲ. "ಆಕಿಗೆ ನೀವ ಒಂದ ಮಾತ ಹೇಳ್ರಿ" ಎಂದು ವಸ್ತಾದರು ಕೈಮುಗಿದು ಹೋದರು. ನಾನು ಹೇಳಲಿಲ್ಲ. ಒಳಗೊಳಗೆ ಖುಷಿಯೇ ಆಗಿತ್ತು. ಈಗ ಹದಕ್ಕೆ ಬಂದಳು ಎಂದುಕೊಂಡು ದ್ರಾಕ್ಷಿ ಬಳ್ಳಿ ಕಟ್ಟುವ ಕೆಲಸಕ್ಕೆ ಕೈ ಹಾಕಿದೆ.

ಈ ವರ್ಷ ನಿಪ್ಪಾಣಿಯ ಕಡೆ ಒಂದು ಮೈದಾನ. ಆ ಕಡೆಯ ಹುಡುಗಿಯೊಬ್ಬಳು ಜೋಡಿ. ಮೈಕಟ್ಟಿನಲ್ಲಿ ಮಗಳಿಗೆ ಸಮ, ಕೆಚ್ಚಿನಲ್ಲಿ ಒಂದು ಕೈ ಮೇಲು. ಅವಳ ಅಪ್ಪ ಕಣದ ಆ ಬದಿ ಕುಳಿತಿದ್ದ. ತಲೆಗೆ ಫೇಟಾ ಸುತ್ತಿದ್ದ ಆತ, ಕುಸ್ತಿ ಶುರುವಾಗುವ ಮೊದಲೇ ಮಗಳ ಹೆಸರು ಹಿಡಿದು ಮರಾಠಿಯಲ್ಲಿ ಕೂಗುತ್ತಿದ್ದ. ನಾನು ಈ ಬದಿ ಎಲ್ಲರಿಗಿಂತ ಮುಂದೆ ಕುಳಿತೆ. ಕೈ ಜೋಡಿಸುವಾಗ ನನ್ನ ಮಗಳು ಎದುರಾಳಿಯನ್ನು ನೋಡಲಿಲ್ಲ. ಮಂದಿಯಲ್ಲಿ ಹುಡುಕಿ ನನ್ನನ್ನು ನೋಡಿದಳು. ನಾನು ಮೀಸೆ ತಿರುವಿ ತಲೆಯಾಡಿಸಿದೆ.

ಬಹಳ ಹೊತ್ತು ಯಾರೂ ಜಗ್ಗಲಿಲ್ಲ. ಕೊನೆಗೆ ಆ ಹುಡುಗಿ ಕವುಚಿ ಬಿದ್ದಳು, ಮಗಳು ಮೇಲೇರಿ ಬಲತೋಳನ್ನು ಹಿಂದಕ್ಕೆ ತಿರುವಿದಳು. ಆ ಕಡೆಯಿಂದ ಅವಳ ಅಪ್ಪ "ಟಿಕೂನ್ ರಹಾ! ಟಿಕೂನ್ ರಹಾ!" ಎಂದು, ತಡಕೋ ಎಂದು, ಗಂಟಲು ಹರಿಯುವಂತೆ ಕೂಗಿದ. ಮಗಳ ಹೆಬ್ಬೆರಳು ಪೂರ್ತಿ ಮಣ್ಣಿನೊಳಗಿತ್ತು. ಮಂದಿ "ಖಡಾಖಡಿ! ಖಡಾಖಡಿ!" ಎಂದು ಕುಣಿಯುತ್ತಿದ್ದರು. ಹಲಗಿಯ ಸಪ್ಪಳಕ್ಕೆ ಎದೆ ಅದುರುತ್ತಿತ್ತು.

ಆ ಹುಡುಗಿಯ ಎಡಗೈ ನಾನು ಕುಳಿತ ಬದಿಗೆ ಚಾಚಿತ್ತು. ಅಂಗೈ ಮಣ್ಣನ್ನು ಬಡಿಯಿತು. ಮತ್ತೆ ಬಡಿಯಿತು. ಪಂಚರು ಆ ಪಕ್ಕ ಬಗ್ಗಿ ನಿಂತಿದ್ದರು, ಅವರಿಗೆ ಕಾಣಲಿಲ್ಲ. ನನಗೆ ಕಂಡಿತು. ಮಗಳಿಗೂ ಗೊತ್ತಾಗಿತ್ತು, ಯಾಕೆಂದರೆ ಅವಳು ತಲೆ ಎತ್ತಿ ನನ್ನನ್ನು ನೋಡಿದಳು. "ಬಿಡವ್ವಾ" ಎಂಬ ಮಾತು ನನ್ನ ಗಂಟಲಿಗೆ ಬಂತು. ಅದನ್ನು ನುಂಗಿದೆ. ಹೇಳಲು ನಾಚಿಕೆಯಾಗುತ್ತದೆ, ಹೇಳದಿದ್ದರೆ ಇನ್ನೂ ನಾಚಿಕೆ: ಆ ಗಳಿಗೆಯಲ್ಲಿ ನನಗೆ ಸುಖವಾಗಿತ್ತು. ಸುತ್ತಲಿನ ಮಂದಿ ನನ್ನ ಮಗಳನ್ನು ಹೊಗಳುತ್ತಿದ್ದರು, ಆ ಹೊಗಳಿಕೆ ಇನ್ನೊಂದು ಚೂರು ಇರಲಿ ಎನಿಸಿತು. ಅಷ್ಟರಲ್ಲಿ ಆ ಹುಡುಗಿ ಚೀರಿದಳು. ಪಂಚರು ಓಡಿ ಬಂದು ಬಿಡಿಸುವ ಹೊತ್ತಿಗೆ ಮೊಣಕೈ ಬೇರೆಯೇ ದಿಕ್ಕಿಗೆ ತಿರುಗಿತ್ತು.

ಮಗಳ ಕೈ ಎತ್ತಿದರು, ಫೇಟಾ ಸುತ್ತಿದರು. ಮಂದಿ ನನಗೂ ಒಂದು ಫೇಟಾ ತಂದರು. ಬೇಡ ಎನ್ನಲಿಲ್ಲ, ತಲೆ ಒಡ್ಡಿದೆ. ಆ ಹುಡುಗಿಯನ್ನು ಕಾರಿಗೆ ಹತ್ತಿಸುತ್ತಿದ್ದುದು ಅಲ್ಲಿಂದಲೇ ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ಮಗಳು ತಾನೇ ಬಂದು ಹೇಳಿದಳು. "ಆಕೀನ್ನ ಚಿಕ್ಕೋಡಿ ದವಾಖಾನ್ಯಾಗ ಇಟ್ಟಾರಂತ. ನಾ ಹೊಂಟೀನಿ. ನೀ ಬಂದ್ರ ಬಾ." ಬಸ್ಸು ಹಿಡಿದು ಇಬ್ಬರೂ ಹೋದೆವು. ಚಿಕ್ಕೋಡಿಯ ಸ್ಟ್ಯಾಂಡಿನಲ್ಲಿ ಅವಳು ಮೂಸಂಬಿ ಆರಿಸಿ ಕೊಂಡಳು. ನಾನು ದಾರಿಯುದ್ದಕ್ಕೂ ಆ ತಂದೆಗೆ ಏನು ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತ ನಡೆದೆ. ಬೈದರೆ ಬೈಸಿಕೊಳ್ಳಬೇಕು, ಹೊಡೆದರೆ ಹೊಡೆಸಿಕೊಳ್ಳಬೇಕು ಎಂದು ಗಟ್ಟಿ ಮಾಡಿಕೊಂಡಿದ್ದೆ.

ಹುಡುಗಿ ಮಂಚದ ಮೇಲೆ ಒರಗಿದ್ದಳು. ಭುಜದಿಂದ ಬೆರಳಿನ ತನಕ ಪ್ಲಾಸ್ಟರ್. ಅವಳ ಅಪ್ಪ ನನ್ನನ್ನು ಕಂಡವನೇ ಎದ್ದು ಎರಡೂ ಕೈ ಹಿಡಿದುಕೊಂಡ. "ಬರ್ರಿ, ಬರ್ರಿ! ಮೈದಾನದಾಗ ನಿಮ್ಮನ್ನ ಯಾರಿಗೆ ಗೊತ್ತಿಲ್ರಿ!"

"ನಮ್ಮ ಹುಡುಗಿಂದ ಭಾಳ ತಪ್ಪಾತ್ರಿ..." ಎಂದು ಶುರು ಮಾಡಿದೆ.

"ಛೇ ಛೇ! ನಿಮ್ಮಾಕಿ ಖಡಾಖಡಿ ಹಿಡದಾಳ, ಆಕೀದೇನ ತಪ್ಪ? ತಪ್ಪೆಲ್ಲ ನಮ್ಮಾಕೀದ. ಮಣ್ಣ ಬಡದ್ನಿ ಅಂತ ತಾನ ಹೇಳ್ಯಾಳ! ಇನ್ನೊಂದೀಟ ತಡಕೊಂಡಿದ್ರ ಸಮಾ ಆಗ್ತಿತ್ತು. ಮಂದ್ಯಾಗ ನನ್ನ ಮೂಗ ಕೊಯ್ದಾಳ್ರಿ. ಬೈದೇನಿ ಆಕಿಗೆ." ಹುಡುಗಿ ಮುಖವನ್ನು ಗೋಡೆಯ ಕಡೆ ಹೊರಳಿಸಿದಳು. ಆತ ನನ್ನ ಕೈ ಬಿಡದೆ ಕೇಳಿದ. "ನೀವ ಬಲ್ಲವರು, ನೀವ ಹೇಳ್ರಿ. ಲಗೂ ಸೋತಾಳೋ ಇಲ್ಲೋ?"

ಆ ಅಂಗೈ ಮತ್ತೆ ಮತ್ತೆ ಮಣ್ಣು ಬಡಿದದ್ದನ್ನು ಕಣ್ಣಾರೆ ಕಂಡವನು ಇಡೀ ಮೈದಾನದಲ್ಲಿ ನಾನೊಬ್ಬನೇ. ಆ ಮಾತು ಹೇಳಬಹುದಿತ್ತು. ಹೇಳಿದರೆ, ಕಂಡೂ ಯಾಕೆ ಬಾಯಿ ಮುಚ್ಚಿಕೊಂಡಿದ್ದೆ ಎಂಬುದನ್ನೂ ಹೇಳಬೇಕಾಗುತ್ತಿತ್ತು. "ಹೌದ್ರಿ, ಒಂದೀಟ ಲಗೂನ ಆತು" ಎಂದೆ.

ಮಗಳು ಮೂಸಂಬಿಯ ಚೀಲವನ್ನು ಕೆಳಗಿಟ್ಟಳು. ಮಂಚದ ಅಂಚಿಗೆ ಕುಳಿತು ಆ ಹುಡುಗಿಗೆ ಹೇಳಿದಳು. "ನೀ ಲಗೂ ಸೋಲಲಿಲ್ಲ. ಮತ್ತ ಮತ್ತ ಬಡದಿ. ನನಗ ಗೊತ್ತಾಗಿತ್ತು. ನಾನ ಬಿಡಲಿಲ್ಲ."

"ಯಾಕ?" ಎಂದಳು ಹುಡುಗಿ, ಗೋಡೆಯ ಕಡೆಯಿಂದಲೇ.

"ನಮ್ಮಪ್ಪ ನೋಡಾಕತ್ತಿದ್ದ."

ಹುಡುಗಿ ಈಗ ಈಚೆ ಹೊರಳಿದಳು. ಕಣ್ಣು ತುಂಬಿದ್ದವು. "ನನಗ ಅದಕ್ಕಿಂತ ಮೊದಲ ಬಡೀಬೇಕನಿಸಿತ್ತು. ಕೈ ಮುರಿತೈತಿ ಅಂತ ತಿಳದಿತ್ತು. ಆ ಕಡೆ ನಮ್ಮಪ್ಪ ಕುಂತಿದ್ದ."

ಆತ ನನ್ನ ಕೈಯನ್ನು ಇನ್ನೂ ಹಿಡಿದುಕೊಂಡೇ ಇದ್ದ. ಅವನ ಹಿಡಿತ ಸಡಿಲಾಯಿತು. ನಾನು ಏನಾದರೂ ಹೇಳಲಿ ಎಂಬಂತೆ ನನ್ನ ಮುಖ ನೋಡಿದ. ಮಗಳು ಮೂಸಂಬಿ ಸುಲಿದು, ಬಿಳಿ ನಾರು ಬಿಡಿಸಿ, ಒಂದೊಂದೇ ತೊಳೆಯನ್ನು ಆ ಹುಡುಗಿಯ ಬಾಯಿಗೆ ಇಡುತ್ತಿದ್ದಳು.

"ಅಪ್ಪಾ, ನೀವಿಬ್ಬರೂ ಒಂದೀಟ ಹೊರಗ ಕುಂಡರ್ರಿ" ಎಂದಳು. ನಾವು ಹೊರಗೆ ಹೋಗಿ ಬಾಕಿನ ಮೇಲೆ ಕುಳಿತೆವು.